ಎರಡನೆಯ ಮದ್ದೂ ಸೋತ ಮೇಲೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ತಿಂಗಳು ಬ್ರಹ್ಮಾವರದ ಸಮೀಪ ಒಂದು ಮದುವೆಗೆ ಹೋಗಿದ್ದಾಗ, ಊಟ ಮುಗಿಸಿ ಕೈತೊಳೆಯಲು ಹೊರಟ ನನ್ನನ್ನು ಪರಿಚಯವಿಲ್ಲದ ಯುವ ದಂಪತಿ ನಲ್ಲಿಯ ಪಕ್ಕದಲ್ಲಿ ಕಾದು ನಿಂತಿದ್ದರು. ಗಂಡ ಮಲ್ಪೆಯ ಬೋಟಿನಲ್ಲಿ ದುಡಿಯುವವರು, ಹೆಂಡತಿ ಮನೆಯಲ್ಲಿ ಬೀಡಿ ಕಟ್ಟುವವರು. ಅವರ ಆರು ವರ್ಷದ ಮಗನಿಗೆ ಅಪಸ್ಮಾರ, ಅಂದರೆ ಪದೇ ಪದೇ ಫಿಟ್ಸ್ ಬರುವ ಕಾಯಿಲೆ. ಹುಟ್ಟುವ ಹೊತ್ತಿಗೇ ಮೆದುಳಿನ ಬಲಭಾಗಕ್ಕೆ ರಕ್ತದ ಪೂರೈಕೆ ತಪ್ಪಿದ್ದರಿಂದ ಆ ಮಗುವಿನ ಎಡಗೈ ಎಡಗಾಲಿನಲ್ಲಿ ಮೊದಲಿನಿಂದಲೂ ಬಲ ಕಡಿಮೆ. ಈಗ ಮೂರು ಬಗೆಯ ಮದ್ದು ಕೊಟ್ಟರೂ ಫಿಟ್ಸ್ ಬಾರದ ದಿನವಿಲ್ಲ. ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಿ ಎಂದು ವೈದ್ಯರು ಹೇಳಿ ಕಳುಹಿಸಿದ್ದಾರೆ. ಆ ತಾಯಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಟೀಚರ್, ನಿಮ್ಮ ಮಗಳ ತಲೆ ಓಪನ್ ಮಾಡ್ಲಿಕ್ಕೆ ನೀವು ಹೇಗೆ ಒಪ್ಪಿದ್ರಿ?”

ಅಲ್ಲಿ ನಿಂತು ಉತ್ತರಿಸಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ. ಅಂದು ಸಂಜೆ ಫೋನಿನಲ್ಲಿ ಒಂದೂವರೆ ಗಂಟೆ ಮಾತನಾಡಿದೆವು, ಅದೂ ಸಾಲಲಿಲ್ಲ. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದೇ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಯಾರ ಬಳಿ ಕೇಳುವುದೆಂದು ತಿಳಿಯದೆ ಕುಳಿತ ಮನೆಗಳು ಇನ್ನೂ ಇವೆಯೆಂದು ಬಲ್ಲೆನಾದ್ದರಿಂದ, ನವೆಂಬರ್ 17ರ ರಾಷ್ಟ್ರೀಯ ಅಪಸ್ಮಾರ ದಿನದ ಸಂದರ್ಭದಲ್ಲಿ ತಮ್ಮ ಪತ್ರಿಕೆಯ ಮೂಲಕ ಅವರೊಡನೆ ನಾಲ್ಕು ಮಾತು ಹಂಚಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಉಡುಪಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕಿ. ಹನ್ನೆರಡನೆಯ ವಯಸ್ಸಿನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹುಡುಗಿಯ ತಾಯಿ. ಪತ್ರ ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಮನ್ನಿಸಬೇಕು.

ನನ್ನ ಮಗಳಿಗೆ ಹದಿನಾಲ್ಕು ತಿಂಗಳಾಗಿದ್ದಾಗ ಜ್ವರ ನೆತ್ತಿಗೇರಿ ಮುಕ್ಕಾಲು ಗಂಟೆಯ ಕಾಲ ಫಿಟ್ಸ್ ನಿಲ್ಲಲಿಲ್ಲ. ಅದು ಕಳೆದ ಮೇಲೆ ನಾಲ್ಕು ವರ್ಷ ಏನೂ ಇರಲಿಲ್ಲ, ನಾವು ಅದನ್ನು ಮರೆತೂ ಬಿಟ್ಟಿದ್ದೆವು. 2011ರ ಮಳೆಗಾಲದಲ್ಲಿ ಮತ್ತೆ ಶುರುವಾದದ್ದು ಬೇರೆಯೇ ರೂಪದಲ್ಲಿ. ಆಟದ ಮಧ್ಯೆ ಎದ್ದು ಅಡುಗೆಮನೆಯ ಹೊಸ್ತಿಲಿಗೆ ಬಂದು, “ಅಮ್ಮ, ಹೊಟ್ಟೆಯಿಂದ ಏನೋ ಮೇಲೆ ಬರ್ತಾ ಉಂಟು” ಎಂದು ಹೆದರಿ ನನ್ನ ಸೆರಗು ಹಿಡಿಯುತ್ತಿದ್ದಳು. ಆಮೇಲೆ ದೃಷ್ಟಿ ಒಂದೇ ಕಡೆ ನೆಟ್ಟು, ಏನನ್ನೋ ಅಗಿಯುವವಳಂತೆ ಬಾಯಿ ಆಡಿಸುತ್ತಿದ್ದಳು. ಬಲಗೈಯ ಬೆರಳುಗಳು ಸೆರಗಿನ ಅಂಚನ್ನು ಬತ್ತಿ ಹೊಸೆದ ಹಾಗೆ ಹೊಸೆಯುತ್ತಿದ್ದವು, ಎಡಗೈ ಮಾತ್ರ ಸೆಟೆದು ತಿರುಚಿಕೊಳ್ಳುತ್ತಿತ್ತು. ಒಂದೂವರೆ ನಿಮಿಷ, ಹೆಚ್ಚೆಂದರೆ ಎರಡು. ಕರೆದರೆ ಕೇಳಿಸುತ್ತಿರಲಿಲ್ಲ, ಮುಗಿದ ಮೇಲೆ ಏನಾಯಿತೆಂದು ಅವಳಿಗೆ ನೆನಪೂ ಇರುತ್ತಿರಲಿಲ್ಲ.

ಬಿದ್ದು ಕೈಕಾಲು ಬಡಿದರೆ ಮಾತ್ರ ಅಪಸ್ಮಾರ ಎಂದು ನಂಬಿದ್ದ ನಮಗೆ ಇದು ಫಿಟ್ಸ್ ಎಂದು ತಿಳಿಯಲು ಎಂಟು ತಿಂಗಳು ಹಿಡಿಯಿತು. ದೃಷ್ಟಿ ತಾಗಿದೆ ಎಂದವರಿದ್ದರು. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಟ್ಟಾಗ ನಾಗದೋಷ ಕಂಡುಬಂತು. ಆಶ್ಲೇಷಾ ಬಲಿ ಮಾಡಿಸಿದೆವು, ಮೂಲಸ್ಥಾನಕ್ಕೆ ಹೋಗಿ ತಂಬಿಲ ಕೊಟ್ಟೆವು. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ, ಏಕೆಂದರೆ ಆ ದಿನಗಳಲ್ಲಿ ನಮ್ಮನ್ನು ನಿಲ್ಲಿಸಿದ್ದು ಆ ನಂಬಿಕೆಯೇ. ಆದರೆ ವೈದ್ಯರ ಬಳಿ ಹೋಗಬೇಕಾದ ತಿಂಗಳುಗಳನ್ನು ಅದಕ್ಕೆ ಕೊಟ್ಟದ್ದು ತಪ್ಪು. ಅಮಾವಾಸ್ಯೆಗೆ ಹೆಚ್ಚಾಗುತ್ತದೆ ಎಂಬುದು ನಮ್ಮ ಅತ್ತೆಯವರ ದೃಢವಾದ ಮಾತಾಗಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಫಿಟ್ಸಿಗೂ ಒಂದು ಕೆಂಪು ಗೀಟು ಎಳೆಯುತ್ತಿದ್ದೆನಾದ್ದರಿಂದ ವರ್ಷದ ಕೊನೆಗೆ ಇಬ್ಬರೂ ಕುಳಿತು ಎಣಿಸಿದೆವು: ಅಮಾವಾಸ್ಯೆಯ ಮನೆಗಳಲ್ಲಿ ಉಳಿದ ದಿನಗಳಿಗಿಂತ ಹೆಚ್ಚು ಗೀಟುಗಳಿರಲಿಲ್ಲ. ಅತ್ತೆ ಮುಂದೆಂದೂ ಆ ಮಾತನ್ನು ಎತ್ತಲಿಲ್ಲ. ಮಾತ್ರವಲ್ಲ, ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಗೀಟು ಎಳೆಯುವ ಕೆಲಸವನ್ನು ಅವರೇ ವಹಿಸಿಕೊಂಡರು.

ಮೊದಲ ಮದ್ದು ಕಾರ್ಬಮಜೆಪಿನ್. ಮೂರು ತಿಂಗಳು ಚೆನ್ನಾಗಿತ್ತು, ಆಮೇಲೆ ಮೊದಲಿನಂತೆಯೇ ಆಯಿತು. ಎರಡನೆಯದಾಗಿ ವಾಲ್ಪ್ರೊಯೇಟ್ ಸೇರಿತು. ಮಗು ದಪ್ಪಗಾದಳು, ತಲೆಗೂದಲು ಬಾಚಣಿಗೆಗೆ ಗೊಂಚಲಾಗಿ ಬರತೊಡಗಿತು, ತಿಂಗಳಿಗೆ ಐದಾರು ಫಿಟ್ಸ್ ಹಾಗೆಯೇ ಉಳಿಯಿತು. ಮೂರನೆಯದು ಲೆವೆಟಿರಸಿಟಂ, ಸಾಧು ಸ್ವಭಾವದ ಮಗು ಸಣ್ಣ ಮಾತಿಗೂ ಸಿಡಿದು ಬುತ್ತಿಯ ಡಬ್ಬಿಯನ್ನು ಗೋಡೆಗೆ ಎಸೆಯುವಂತಾದಳು. ನಾಲ್ಕನೆಯದು ಕ್ಲೋಬಜಮ್, ಅದನ್ನು ಕೊಟ್ಟ ದಿನಗಳಲ್ಲಿ ತರಗತಿಯಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದಳು. ಹೀಗೆ ಐದು ವರ್ಷ. ಈ ಮದ್ದುಗಳೆಲ್ಲ ಕೆಟ್ಟವೆಂದು ಯಾರೂ ಭಾವಿಸಬಾರದು. ಇವುಗಳಿಂದಲೇ ಸಂಪೂರ್ಣ ಗುಣ ಕಂಡ ಮಕ್ಕಳನ್ನು ನನ್ನ ತರಗತಿಯಲ್ಲಿಯೇ ನೋಡಿದ್ದೇನೆ. ನನ್ನ ದೂರು ಬೇರೆ. ನಾವು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಈ ಐದು ವರ್ಷಗಳಲ್ಲಿ ಒಬ್ಬರೂ “ಶಸ್ತ್ರಚಿಕಿತ್ಸೆ” ಎಂಬ ಶಬ್ದವನ್ನು ನಮ್ಮೆದುರು ಆಡಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿಲ್ಲವೇನೋ ಎಂದು ನನ್ನನ್ನೇ ಪ್ರಶ್ನಿಸಿದರು. ಎಂಆರ್‌ಐ ನಾರ್ಮಲ್ ಇದೆ, ದೊಡ್ಡವಳಾದ ಮೇಲೆ ತಾನಾಗಿ ಹೋಗುತ್ತದೆ ಎಂದರು. ನಾವು ಅದನ್ನೇ ನಂಬಿದೆವು.

ಆಗ ನಮಗೆ ಗೊತ್ತಿಲ್ಲದಿದ್ದ, ಗೊತ್ತಿರಲೇಬೇಕಾಗಿದ್ದ ಒಂದು ಸಂಗತಿಯಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೊಸದಾಗಿ ಚಿಕಿತ್ಸೆ ಆರಂಭಿಸಿದ 100 ರೋಗಿಗಳಲ್ಲಿ 47 ಮಂದಿಗೆ ಮೊದಲ ಮದ್ದಿನಿಂದಲೇ ಫಿಟ್ಸ್ ನಿಲ್ಲುತ್ತದೆ, ಇನ್ನು 13 ಮಂದಿಗೆ ಎರಡನೆಯ ಮದ್ದಿನಿಂದ; ಅದರಾಚೆಗಿನ ಎಲ್ಲ ಮದ್ದು, ಎಲ್ಲ ಜೋಡಣೆಗಳನ್ನು ಸೇರಿಸಿದರೂ ಗುಣ ಕಾಣುವವರು ಸುಮಾರು 4 ಮಂದಿ ಮಾತ್ರ. ಆದ್ದರಿಂದಲೇ ಅಪಸ್ಮಾರ ತಜ್ಞರ ಅಂತರರಾಷ್ಟ್ರೀಯ ಸಂಘಟನೆಯು 2010ರಲ್ಲಿ, ಸರಿಯಾಗಿ ಆರಿಸಿದ, ಸರಿಯಾದ ಪ್ರಮಾಣದಲ್ಲಿ ಕೊಟ್ಟ ಎರಡು ಮದ್ದುಗಳಿಗೆ ಬಗ್ಗದ ಅಪಸ್ಮಾರವನ್ನು ಔಷಧ ನಿರೋಧಕ ಅಪಸ್ಮಾರವೆಂದು ಕರೆಯಬೇಕೆಂದು ನಿರ್ಧರಿಸಿತು. ಎರಡು ಮದ್ದು. ನಾಲ್ಕಲ್ಲ, ಆರಲ್ಲ. ನನ್ನ ಮಗಳ ಎರಡನೆಯ ಮದ್ದು ಸೋತದ್ದು ಅವಳಿಗೆ ಏಳು ವರ್ಷವಾಗಿದ್ದಾಗ. ಶಸ್ತ್ರಚಿಕಿತ್ಸೆಯ ಸಾಧ್ಯತೆಯ ಬಗ್ಗೆ ಪರೀಕ್ಷೆಗೆ ಹೋದದ್ದು ಅವಳಿಗೆ ಹನ್ನೊಂದು ತುಂಬಿದ ಮೇಲೆ. ನಡುವಿನ ನಾಲ್ಕು ವರ್ಷಗಳೆಂದರೆ ಅವಳು ಓದು ಬರಹ ಗಟ್ಟಿ ಮಾಡಿಕೊಳ್ಳಬೇಕಾಗಿದ್ದ, ಗೆಳತಿಯರನ್ನು ಮಾಡಿಕೊಳ್ಳಬೇಕಾಗಿದ್ದ ವರ್ಷಗಳು.

ಈ ಪರೀಕ್ಷೆ ಎಂಬುದರ ಬಗ್ಗೆಯೇ ನಮ್ಮಲ್ಲಿ ಅತಿ ದೊಡ್ಡ ತಪ್ಪು ತಿಳುವಳಿಕೆಯಿದೆ. ಅಲ್ಲಿಗೆ ಹೋದರೆ ಆಪರೇಷನ್‌ಗೆ ಒಪ್ಪಿದಂತೆ ಎಂದು ಭಾವಿಸಿ ಎಷ್ಟೋ ಮಂದಿ ಹೋಗುವುದೇ ಇಲ್ಲ. ಹಾಗಲ್ಲ. ಫಿಟ್ಸ್ ಮೆದುಳಿನ ಯಾವ ಜಾಗದಿಂದ ಏಳುತ್ತದೆ, ಆ ಜಾಗ ಒಂದೇ ಇದೆಯೇ, ಅದನ್ನು ತೆಗೆದರೆ ಮಾತು, ನೆನಪು, ಕೈಕಾಲಿನ ಬಲಕ್ಕೆ ಏನಾಗುತ್ತದೆ ಎಂಬುದನ್ನು ಕಂಡುಕೊಳ್ಳುವುದಷ್ಟೇ ಅದರ ಉದ್ದೇಶ. ಪರೀಕ್ಷೆ ಮುಗಿದ ಮೇಲೆ, ನಿಮ್ಮ ಮಗುವಿಗೆ ಶಸ್ತ್ರಚಿಕಿತ್ಸೆ ಆಗದು ಎಂದು ವಾಪಸು ಕಳುಹಿಸುವುದೂ ಇದೆ. ಬೇಡವೆನ್ನುವ ಹಕ್ಕು ಕಡೆಯ ದಿನದವರೆಗೂ ತಂದೆತಾಯಿಯದೇ.

ನಾವು ಹೊರಗಿನ ದೊಡ್ಡ ಕೇಂದ್ರವೊಂದಕ್ಕೆ ಹೋದೆವು. ಐದು ದಿನ ಮಗಳ ತಲೆಗೆ ಇಪ್ಪತ್ತಕ್ಕೂ ಹೆಚ್ಚು ತಂತಿಗಳನ್ನು ಅಂಟಿಸಿ, ಹಗಲು ರಾತ್ರಿ ಕ್ಯಾಮೆರಾದ ಮುಂದೆ ಮಲಗಿಸಿ, ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ವೀಡಿಯೊ ಇಇಜಿ ಮಾಡಿದರು. ಆರು ವರ್ಷ ಫಿಟ್ಸ್ ಬಾರದಿರಲೆಂದು ಹರಕೆ ಹೊತ್ತ ನಾನು, ಅಲ್ಲಿ ಮದ್ದನ್ನು ಕಡಿಮೆ ಮಾಡಿ ಫಿಟ್ಸ್ ಬರಲಿ ಎಂದು ಹಾಸಿಗೆಯ ಪಕ್ಕ ಕಾಯುತ್ತ ಕೂರಬೇಕಾಯಿತು. ಎಂಆರ್‌ಐಯನ್ನು ಮತ್ತೆ ಮಾಡಿದರು, ಈ ಬಾರಿ ಅಪಸ್ಮಾರಕ್ಕೆಂದೇ ಇರುವ ಕ್ರಮದಲ್ಲಿ, ಹೆಚ್ಚು ಶಕ್ತಿಯ ಯಂತ್ರದಲ್ಲಿ, ತೆಳುವಾದ ಪದರಗಳಲ್ಲಿ. ಮೊದಲು ನಾರ್ಮಲ್ ಎಂದಿದ್ದ ಅದೇ ಮೆದುಳಿನಲ್ಲಿ, ಬಲ ಕಿವಿಯ ಒಳಗಿನ ಭಾಗಕ್ಕೆ ಇರುವ ಹಿಪ್ಪೊಕ್ಯಾಂಪಸ್ ಎಂಬ ಸಣ್ಣ ಅಂಗ ಸುರುಟಿಹೋಗಿರುವುದು ನನ್ನ ಕಣ್ಣಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಮಗುವಾಗಿದ್ದಾಗಿನ ಆ ದೀರ್ಘ ಜ್ವರದ ಫಿಟ್ಸಿಗೂ ಇದಕ್ಕೂ ಸಂಬಂಧವಿರುವ ಸಾಧ್ಯತೆಯಿದೆ ಎಂದರು. ಮನಶ್ಶಾಸ್ತ್ರಜ್ಞರು ಎರಡು ದಿನ ಅವಳ ನೆನಪು, ಮಾತು, ಗಮನಗಳನ್ನು ಅಳೆದರು. ನಾನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ನಲವತ್ತು ಸೆಕೆಂಡಿನ ವೀಡಿಯೊವನ್ನು ವೈದ್ಯರು ನಾಲ್ಕು ಬಾರಿ ನೋಡಿದರು. ಬಲಗೈ ಹೊಸೆಯುವುದು, ಎಡಗೈ ಸೆಟೆಯುವುದು, ಈ ಎರಡೂ ಸೇರಿ ಬಲಬದಿಯನ್ನೇ ತೋರಿಸುತ್ತವೆ ಎಂದು ವಿವರಿಸಿದರು. ಮಕ್ಕಳಿಗೆ ಫಿಟ್ಸ್ ಬಂದಾಗ ಮನೆಯವರಲ್ಲಿ ಒಬ್ಬರು ಮಗುವನ್ನು ನೋಡಿಕೊಳ್ಳಲಿ, ಇನ್ನೊಬ್ಬರು ವೀಡಿಯೊ ಮಾಡಲಿ. ಇದು ಕ್ರೌರ್ಯವೆಂದು ನಮ್ಮ ನೆರೆಯವರೊಬ್ಬರು ಆಕ್ಷೇಪಿಸಿದ್ದರು. ಆ ನಲವತ್ತು ಸೆಕೆಂಡು ನಮಗೆ ಮಾಡಿದಷ್ಟು ಉಪಕಾರವನ್ನು ಹಿಂದಿನ ಐದು ವರ್ಷಗಳ ಫೈಲು ಮಾಡಲಿಲ್ಲ.

ಇಷ್ಟಾದ ಮೇಲೆ ನರರೋಗ ತಜ್ಞರು, ನರಶಸ್ತ್ರಚಿಕಿತ್ಸಕರು, ಸ್ಕ್ಯಾನ್ ಓದುವವರು, ಮನಶ್ಶಾಸ್ತ್ರಜ್ಞರು ಒಟ್ಟಿಗೆ ಕುಳಿತು ಚರ್ಚಿಸಿ ನಮ್ಮನ್ನು ಕರೆದರು. ಹಿರಿಯ ವೈದ್ಯರೊಬ್ಬರು ಹಾಳೆಯ ಮೇಲೆ ಚಿತ್ರ ಬರೆದು ಏನನ್ನು ತೆಗೆಯುತ್ತಾರೆ ಎಂಬುದನ್ನು ತೋರಿಸಿದರು. ಇಂತಹ 100 ಮಕ್ಕಳಲ್ಲಿ ಸುಮಾರು 70 ಮಂದಿಗೆ ಫಿಟ್ಸ್ ಪೂರ್ತಿ ನಿಲ್ಲುತ್ತದೆ, ಉಳಿದವರಲ್ಲಿ ಹಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಏನೂ ಪ್ರಯೋಜನವಾಗುವುದಿಲ್ಲ ಎಂದರು. ಜೀವಕ್ಕೆ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ. ದೃಷ್ಟಿಯ ಎಡ ಮೇಲ್ಭಾಗದಲ್ಲಿ ಒಂದು ಮೂಲೆ ಕಾಣದೆ ಹೋಗಬಹುದು. ಆಪರೇಷನ್ ಆದ ಮರುದಿನವೇ ಮದ್ದು ಬಿಡುವಂತಿಲ್ಲ ಎಂಬುದನ್ನೂ ಬಚ್ಚಿಡದೆ ಹೇಳಿದರು. ದೆಹಲಿಯ ಏಮ್ಸ್‌ನಲ್ಲಿ ನಡೆದು 2017ರ ಅಕ್ಟೋಬರಿನಲ್ಲಿ ಆಗಷ್ಟೇ ಪ್ರಕಟವಾಗಿದ್ದ ಅಧ್ಯಯನದ ಬಗ್ಗೆ ಮೊದಲ ಬಾರಿ ಕೇಳಿದ್ದೂ ಅವರಿಂದಲೇ. 18 ವರ್ಷದೊಳಗಿನ, ಮದ್ದಿಗೆ ಬಗ್ಗದ ಅಪಸ್ಮಾರವಿದ್ದ 116 ಮಕ್ಕಳನ್ನು ಎರಡು ಗುಂಪು ಮಾಡಿ, 57 ಮಕ್ಕಳಿಗೆ ಶಸ್ತ್ರಚಿಕಿತ್ಸೆ, ಸರದಿಯ ಪಟ್ಟಿಯಲ್ಲಿ ಕಾಯುತ್ತಿದ್ದ 59 ಮಕ್ಕಳಿಗೆ ಮದ್ದನ್ನಷ್ಟೇ ಮುಂದುವರಿಸಿ ನೋಡಿದಾಗ, ವರ್ಷದ ಕೊನೆಗೆ ಫಿಟ್ಸ್ ಇಲ್ಲದವರು ಮೊದಲ ಗುಂಪಿನಲ್ಲಿ 100ಕ್ಕೆ 77, ಎರಡನೆಯದರಲ್ಲಿ 100ಕ್ಕೆ 7. ಶಸ್ತ್ರಚಿಕಿತ್ಸೆಯ ಗುಂಪಿನ ಮೂರನೆಯ ಒಂದು ಭಾಗ ಮಕ್ಕಳಿಗೆ ಗಂಭೀರ ತೊಂದರೆಗಳೂ ಆದವು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿ, ಅವುಗಳಲ್ಲಿ ಹೆಚ್ಚಿನವು ದೊಡ್ಡ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಮೊದಲೇ ನಿರೀಕ್ಷಿಸಿದ್ದ ಒಂದು ಬದಿಯ ಬಲಹೀನತೆ ಎಂದು ಬಿಡಿಸಿ ಹೇಳಿದರು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಹೇಳಿದ್ದರಿಂದಲೇ ನಮಗೆ ಅವರ ಮೇಲೆ ಭರವಸೆ ಬಂತು.

ಆದರೂ ಒಪ್ಪಲು ನಾಲ್ಕು ತಿಂಗಳು ಹಿಡಿಯಿತು. ಕೈಕಾಲಿನ ಆಪರೇಷನ್ ಎಂದರೆ ಧೈರ್ಯ ಹೇಳುವ ಜನ ತಲೆಯದ್ದೆಂದರೆ ದನಿ ತಗ್ಗಿಸುತ್ತಾರೆ. ಬುದ್ಧಿ ಹೋದೀತು, ಹಾಸಿಗೆ ಹಿಡಿದಾಳು, ಈಗ ತಿಂಗಳಿಗೆ ನಾಲ್ಕು ಸಲ ಬರುವುದನ್ನು ಹೇಗೋ ಸುಧಾರಿಸಿಕೊಂಡು ಹೋಗಬಹುದಲ್ಲ, ಹೆಣ್ಣುಮಗು ಬೇರೆ, ತಲೆಯಲ್ಲಿ ಗಾಯದ ಗುರುತು ಉಳಿದರೆ ನಾಳೆ ಯಾರು ಕೇಳಿಕೊಂಡು ಬರುತ್ತಾರೆ ಎಂದೆಲ್ಲ ಪ್ರೀತಿಯಿಂದಲೇ ಹೇಳಿದರು. ನನ್ನ ಗಂಡನಿಗೂ ಮನಸ್ಸಿರಲಿಲ್ಲ. ನಾವೆಲ್ಲರೂ ಮಾಡಿದ ತಪ್ಪೆಂದರೆ, ಒಂದು ತಟ್ಟೆಯಲ್ಲಿ ಶಸ್ತ್ರಚಿಕಿತ್ಸೆಯ ಅಪಾಯವನ್ನಿಟ್ಟು ಇನ್ನೊಂದು ತಟ್ಟೆಯನ್ನು ಬರಿದಾಗಿ ಬಿಟ್ಟು ತೂಗಿದ್ದು. ಆ ಇನ್ನೊಂದು ತಟ್ಟೆ ಬರಿದಾಗಿಲ್ಲ. ಹತೋಟಿಗೆ ಬಾರದ ಫಿಟ್ಸ್ ಬೆಳೆಯುವ ಮೆದುಳಿನ ಕಲಿಕೆಯನ್ನು ಹಿಂದಕ್ಕೆಳೆಯುತ್ತದೆ. ಅಪಸ್ಮಾರವಿರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1000ಕ್ಕೆ ಒಬ್ಬರು ಬೇರೆ ಕಾರಣವಿಲ್ಲದೆ ಹಠಾತ್ತಾಗಿ ತೀರಿಕೊಳ್ಳುತ್ತಾರೆ, ಮಕ್ಕಳೂ ಅದರಿಂದ ಹೊರತಲ್ಲ, ಮೈಯೆಲ್ಲ ಅದುರುವ ಫಿಟ್ಸ್ ಪದೇ ಪದೇ ಬರುವವರಲ್ಲಿ ಆ ಅಪಾಯ ಇನ್ನೂ ಹೆಚ್ಚು. ಜೊತೆಗೆ ನೀರು. ನಮ್ಮ ಕರಾವಳಿಯಲ್ಲಿ ಅಂಗಳಕ್ಕೊಂದು ಬಾವಿ, ತೋಟಕ್ಕೊಂದು ಕೆರೆ, ಗದ್ದೆಯಂಚಿಗೆ ತೋಡು, ಅದರಾಚೆ ಹೊಳೆ, ಕಡಲು.

ಅದೊಂದು ಭಾನುವಾರ ಬೆಳಿಗ್ಗೆ ನನ್ನ ಗಂಡ ಹಟ್ಟಿಯ ಕಡೆಯಿಂದ ಬರುವಾಗ ಮಗಳು ಬಾವಿಯ ಕಟ್ಟೆಗೆ ಹೊಟ್ಟೆಯಾನಿಸಿ ನಿಂತಿದ್ದಳು. ಬಲಗೈಯ ಬೆರಳುಗಳು ರಾಟೆಯ ಹಗ್ಗವನ್ನು ಹೊಸೆಯುತ್ತಿದ್ದವು. ಕರೆಯದೆ, ಓಡದೆ, ಸದ್ದಾಗದಂತೆ ಹಿಂದಿನಿಂದ ಹೋಗಿ ಅವಳನ್ನು ಎರಡೂ ಕೈಗಳಿಂದ ಬಾಚಿ ನೆಲದ ಮೇಲೆ ಕೂರಿಸಿಕೊಂಡರು. ಮಧ್ಯಾಹ್ನವೇ ಬಾವಿಗೆ ಕಬ್ಬಿಣದ ಬಲೆ ಹಾಕಿಸಲು ಜನ ಕರೆಸಿದರು. ರಾತ್ರಿ ಊಟಕ್ಕೆ ಕೂತಾಗ, “ನಮ್ಮ ಬಾವಿಗೆ ಬಲೆ ಹಾಕಿಸಿದೆ. ಊರಿನ ಎಲ್ಲ ಬಾವಿಗೂ ಹಾಕಿಸ್ಲಿಕ್ಕೆ ಆಗ್ತದಾ?” ಎಂದರು. ಮರುದಿನ ಆಸ್ಪತ್ರೆಗೆ ಫೋನು ಮಾಡಿದವರೂ ಅವರೇ.

ಬ್ರಹ್ಮಾವರದ ಆ ತಾಯಿಗೆ ನಾನು ಕೊಟ್ಟ ಉತ್ತರ ಇದೇ. ನಾವು ಧೈರ್ಯವಂತರಾಗಿ ಒಪ್ಪಿದ್ದಲ್ಲ. ಒಪ್ಪದಿರುವುದರ ಭಯ ಒಪ್ಪುವುದರ ಭಯಕ್ಕಿಂತ ದೊಡ್ಡದೆಂದು ಕಣ್ಣಾರೆ ಕಂಡು ಒಪ್ಪಿದ್ದು.

ಮಗಳ ಅಭಿಪ್ರಾಯವನ್ನೂ ವೈದ್ಯರು ಕೇಳಿದರು. ಹನ್ನೆರಡು ವರ್ಷದವಳಿಗೆ ಎಲ್ಲವೂ ಅರ್ಥವಾಗುತ್ತದೆ, ಅವಳ ತಲೆಯ ಮೇಲಿಂದ ನಾವು ನಾವೇ ಮಾತನಾಡಿಕೊಳ್ಳಬಾರದು ಎಂದರು. ಅವಳಿಗಿದ್ದದ್ದು ಎರಡೇ ಪ್ರಶ್ನೆ: ಕೂದಲೆಲ್ಲ ತೆಗೆಯುತ್ತಾರೆಯೇ, ಆಮೇಲೆ ಸೈಕಲ್ ಬಿಡಬಹುದೇ. ಗಾಯ ಬರುವ ಜಾಗದಲ್ಲಿ ಎರಡು ಬೆರಳಿನ ಅಗಲಕ್ಕೆ ಮಾತ್ರ ಕೂದಲು ತೆಗೆದರು.

2018ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಐದು ಗಂಟೆ ಹಿಡಿಯಿತು. ಮೂರು ದಿನ ಬಲಗಣ್ಣು ಊದಿ ಮುಚ್ಚಿಕೊಂಡಿತ್ತು, ಅಗಿಯುವ ಸ್ನಾಯುವಿಗೆ ಕತ್ತರಿ ಬಿದ್ದಿದ್ದರಿಂದ ಎರಡು ವಾರ ಬಾಯಿ ದೊಡ್ಡದಾಗಿ ತೆರೆಯಲಾಗದೆ ಗಂಜಿಯ ತಿಳಿಯಲ್ಲೇ ದಿನ ದೂಡಿದಳು. ನಾಲ್ಕನೆಯ ದಿನ ಒಂದು ಫಿಟ್ಸ್ ಬಂತು. ಆ ರಾತ್ರಿಯನ್ನು ನೆನೆಸಿದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಮೊದಲ ವಾರದಲ್ಲಿ ಹಾಗೆ ಬರುವುದುಂಟು, ಅದರಿಂದ ಸೋತಿತೆಂದು ಅರ್ಥವಲ್ಲ ಎಂದರು ವೈದ್ಯರು. ಅದೇ ಕೊನೆಯದು. ಎರಡು ವರ್ಷದ ನಂತರ ಮದ್ದುಗಳನ್ನು ಒಂದೊಂದಾಗಿ, ತೀರಾ ನಿಧಾನವಾಗಿ ಇಳಿಸುತ್ತ ಬಂದು 2022ರಲ್ಲಿ ಪೂರ್ತಿ ನಿಲ್ಲಿಸಿದರು. ಈಗ ಅವಳು ಪದವಿ ತರಗತಿಯಲ್ಲಿದ್ದಾಳೆ. ಕಳೆದುಕೊಂಡದ್ದೂ ಇದೆ, ಅದನ್ನು ಮರೆಮಾಚುವುದಿಲ್ಲ: ಎಡಗಡೆ ಮೇಲಿನಿಂದ ಬರುವ ಶಟಲ್ ಕಾಕ್ ಅವಳಿಗೆ ಕಾಣುವುದಿಲ್ಲ, ತಲೆಯನ್ನು ಆ ಕಡೆಗೆ ತುಸು ಓರೆ ಮಾಡಿ ಆಡುವುದನ್ನು ತಾನಾಗಿ ರೂಢಿಸಿಕೊಂಡಿದ್ದಾಳೆ.

ನಮ್ಮದು ಸುಖಾಂತವಾಯಿತೆಂದು ಎಲ್ಲರದೂ ಹಾಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ. ಮೆದುಳಿನ ಎರಡೂ ಬದಿಗಳಿಂದ ಒಮ್ಮೆಲೇ ಏಳುವ, ಹುಟ್ಟಿನಿಂದಲೇ ಬಂದ ಕೆಲವು ಬಗೆಯ ಅಪಸ್ಮಾರಗಳಿಗೆ ಈ ಶಸ್ತ್ರಚಿಕಿತ್ಸೆ ಹೊಂದುವುದಿಲ್ಲ. ಕೆಲವು ಮಕ್ಕಳಿಗೆ ಮೆದುಳಿನ ಎರಡು ಅರ್ಧಗಳ ನಡುವೆ ಸೇತುವೆಯಂತಿರುವ ನರತಂತುಗಳನ್ನು ಬಿಡಿಸುವುದರಿಂದ, ನಿಂತಲ್ಲೇ ಧೊಪ್ಪನೆ ಬೀಳುವುದು ತಗ್ಗುತ್ತದೆಯೇ ಹೊರತು ಫಿಟ್ಸ್ ಪೂರ್ತಿ ಹೋಗುವುದಿಲ್ಲ. ಅಂತಹವರಿಗೆ ಕೊಬ್ಬಿನಂಶ ಹೆಚ್ಚಿರುವ ಕೀಟೊಜೆನಿಕ್ ಪಥ್ಯ, ಕುತ್ತಿಗೆಯ ನರಕ್ಕೆ ಜೋಡಿಸುವ ಸಾಧನ ಮುಂತಾದ ದಾರಿಗಳೂ ಇವೆ. ಯಾವುದು ಯಾರಿಗೆ ಎಂದು ತಿಳಿಯುವುದೂ ಆ ಪರೀಕ್ಷೆಯಿಂದಲೇ.

ಆ ದಂಪತಿಯ ಮಗನ ವಿಷಯ ನಮ್ಮದಕ್ಕಿಂತ ಕಠಿಣ. ಅವರಿಗೆ ಹೇಳಿರುವುದು ಹೆಮಿಸ್ಫೆರೊಟಮಿ ಎಂಬ ಶಸ್ತ್ರಚಿಕಿತ್ಸೆಯ ಬಗ್ಗೆ. ಊರಿನಲ್ಲಿ ಅದು “ಅರ್ಧ ಮೆದುಳು ತೆಗೀತಾರಂತೆ” ಎಂದು ಹರಡಿ, ಆ ತಾಯಿ ಎರಡು ವಾರ ಸರಿಯಾಗಿ ಉಂಡಿಲ್ಲ. ನಮ್ಮ ಮಗಳ ವಾರ್ಡಿನಲ್ಲಿ ಎದುರು ಹಾಸಿಗೆಯಲ್ಲಿ ಇದೇ ಶಸ್ತ್ರಚಿಕಿತ್ಸೆಯಾದ ಪುಟ್ಟ ಹುಡುಗನೊಬ್ಬನಿದ್ದುದರಿಂದ ನನಗೆ ಅದರ ಬಗ್ಗೆ ಸ್ವಲ್ಪ ಗೊತ್ತು. ಈಗಿನ ಕ್ರಮದಲ್ಲಿ ಅರ್ಧ ಮೆದುಳನ್ನು ಪೂರ್ತಿ ತೆಗೆಯುವುದಿಲ್ಲ. ಕೆಟ್ಟುಹೋದ ಅರ್ಧದಿಂದ ಒಳ್ಳೆಯ ಅರ್ಧಕ್ಕೆ ಹೋಗುವ ಸಂಪರ್ಕಗಳನ್ನು ಬಿಡಿಸುತ್ತಾರೆ, ಆ ಭಾಗ ರಕ್ತ ಸಂಚಾರದೊಂದಿಗೆ ತನ್ನ ಜಾಗದಲ್ಲೇ ಉಳಿಯುತ್ತದೆ. ಬೆಲೆಯನ್ನಂತೂ ತೆರಲೇಬೇಕು. ಎದುರು ಬದಿಯ ಕೈಯಲ್ಲಿ ಬೆರಳುಗಳ ಸೂಕ್ಷ್ಮ ಕೆಲಸ ಉಳಿಯುವುದಿಲ್ಲ, ಎರಡೂ ಕಣ್ಣುಗಳಲ್ಲಿ ಆ ಬದಿಯ ಅರ್ಧ ನೋಟ ಹೋಗುತ್ತದೆ. ಆದರೆ ಈ ಮಗುವಿನ ಎಡಗೈಯ ಬೆರಳುಗಳು ಮೊದಲೇ ಕೆಲಸ ಮಾಡುತ್ತಿಲ್ಲ. ನಡೆಯಬಲ್ಲ ಮಕ್ಕಳಲ್ಲಿ ಹೆಚ್ಚಿನವರು ವ್ಯಾಯಾಮದ ನಂತರ ಮತ್ತೆ ನಡೆಯುತ್ತಾರೆ. ಮಾತು ಹೋದೀತೇ ಎಂಬ ಅವರ ಭಯಕ್ಕೆ ವೈದ್ಯರೇ ಉತ್ತರಿಸಬೇಕು, ಆದರೆ ಹೆಚ್ಚಿನವರಲ್ಲಿ ಮಾತು ಎಡ ಅರ್ಧದಲ್ಲಿರುತ್ತದೆ, ಇವನಿಗೆ ಕೆಟ್ಟಿರುವುದು ಬಲ ಅರ್ಧ. ಎಡ ಅರ್ಧವೇ ಕೆಟ್ಟಿದ್ದರೂ ಎಳೆಯ ವಯಸ್ಸಿನಲ್ಲಿ ಬಲ ಅರ್ಧ ಮಾತನ್ನು ವಹಿಸಿಕೊಳ್ಳಬಲ್ಲುದು, ವಯಸ್ಸು ಏರಿದಂತೆ ಆ ಶಕ್ತಿ ಕುಗ್ಗುತ್ತದೆ. ಮಗು ದೊಡ್ಡವನಾಗಲಿ, ಆಮೇಲೆ ನೋಡೋಣ ಎಂಬ ಹಿರಿಯರ ಮಾತು ಈ ಒಂದು ವಿಷಯದಲ್ಲಿ ಮಗುವಿಗೆ ವಿರುದ್ಧವಾಗಿಯೇ ಕೆಲಸ ಮಾಡುತ್ತದೆ.

ಇದು ನಿನ್ನೆ ಮೊನ್ನೆ ಬಂದ ಪ್ರಯೋಗವೂ ಅಲ್ಲ. ನಮ್ಮ ದೇಶದಲ್ಲಿ ಅಪಸ್ಮಾರಕ್ಕೆ ಮೊದಲ ಶಸ್ತ್ರಚಿಕಿತ್ಸೆ 1952ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿಯವರ ಕೈಯಲ್ಲಾಯಿತು, ಅದೂ ಎಳೆತನದಿಂದಲೇ ಒಂದು ಬದಿ ಬಲಹೀನವಾಗಿದ್ದ ರೋಗಿಗೆ, ಮೆದುಳಿನ ಒಂದು ಅರ್ಧದ ಮೇಲೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1995ರಿಂದ ಈ ಶಸ್ತ್ರಚಿಕಿತ್ಸೆ ವ್ಯವಸ್ಥಿತವಾಗಿ ನಡೆಯುತ್ತಿದೆ. ಮಂಗಳೂರು ಸೆಂಟ್ರಲ್‌ನಲ್ಲಿ ಸಂಜೆ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ಅಲ್ಲಿರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ನಡೆಯುತ್ತದೆ. ಎರಡೂ ಸರ್ಕಾರಿ ಸಂಸ್ಥೆಗಳು.

ಇನ್ನು ವ್ಯವಸ್ಥೆಯನ್ನು ಕುರಿತು. ಮಣಿಪಾಲದಲ್ಲಿ 1953ರಲ್ಲಿಯೇ ವೈದ್ಯಕೀಯ ಕಾಲೇಜು ಕಂಡ ನೆಲ ನಮ್ಮದು. ನರರೋಗ ತಜ್ಞರಿಗಾಗಲಿ ಎಂಆರ್‌ಐ ಯಂತ್ರಗಳಿಗಾಗಲಿ ಇಲ್ಲಿ ಬರವಿಲ್ಲ. ಹಾಗಿರುವಾಗ ಇಲ್ಲಿನ ಮಗುವೊಂದು ಎರಡನೆಯ ಮದ್ದು ಸೋತ ಮೇಲೂ ವರ್ಷಗಟ್ಟಲೆ ಅದೇ ಹೊರರೋಗಿ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವುದಕ್ಕೆ ಸಮರ್ಥನೆಯಿಲ್ಲ. ಚೀಟಿಯ ಮೇಲೆ ಮೂರನೆಯ ಮದ್ದಿನ ಹೆಸರು ಬರೆಯುವ ವೈದ್ಯರು ಅದೇ ಚೀಟಿಯಲ್ಲಿ ಶಸ್ತ್ರಚಿಕಿತ್ಸೆಯ ಪರಿಶೀಲನೆಗೆ ಶಿಫಾರಸನ್ನೂ ಬರೆಯಬೇಕು, ಇದು ನನ್ನ ಮೊದಲ ವಿನಂತಿ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರವು 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವು ಅಪಸ್ಮಾರವನ್ನೂ ಒಳಗೊಂಡಿದೆ. ಶಾಲೆ ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಗುರುತಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಫಿಟ್ಸ್ ಕೂಡ ಸೇರಿದೆ. ಮಂಗಳೂರಿನ ವೆನ್ಲಾಕ್ ಮತ್ತು ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗಳು ಇವೆರಡನ್ನೂ ಜೋಡಿಸಿ, ಎರಡು ಮದ್ದಿಗೆ ಬಗ್ಗದ ಮಕ್ಕಳ ಒಂದು ಪಟ್ಟಿಯನ್ನಿಟ್ಟು, ಅವರಲ್ಲಿ ಯಾರು ಪರೀಕ್ಷೆಗೆ ಹೋದರು, ಯಾರು ಹೋಗಲಿಲ್ಲ, ಏಕೆ ಹೋಗಲಿಲ್ಲ ಎಂದು ವಿಚಾರಿಸುವಷ್ಟಾದರೂ ಆಗಬೇಕು.

ಏಕೆ ಹೋಗಲಿಲ್ಲ ಎಂಬುದಕ್ಕೆ ಭಯವೊಂದೇ ಉತ್ತರವಾಗಿರುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ, ಆಸ್ಪತ್ರೆಗಳಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರ ಮೇಜಿನಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆದರೆ ಆಸ್ಪತ್ರೆಗೆ ಸೇರುವ ಮೊದಲಿನ ಮೂರು ನಾಲ್ಕು ಬಾರಿಯ ಓಡಾಟ, ಲಾಡ್ಜಿನ ಬಾಡಿಗೆ, ಬೋಟಿಗೆ ಹೋಗದ ತಂದೆಯ ಪಾಲು, ಬೀಡಿ ಕಟ್ಟದ ತಾಯಿಯ ವಾರದ ಮಜೂರಿ, ಇವುಗಳಿಗೆ ಯಾವ ಕಾರ್ಡೂ ಇಲ್ಲ. ನಮ್ಮ ಊರುಗಳ ಯುವಕ ಮಂಡಲ, ಭಜನಾ ಮಂಡಳಿಗಳು ಆಪರೇಷನ್ ನಿಗದಿಯಾದ ಮೇಲೆ ಉದಾರವಾಗಿ ಹಣ ಸಂಗ್ರಹಿಸಿ ಕೊಡುತ್ತವೆ. ಅದರ ಹತ್ತರಲ್ಲೊಂದು ಪಾಲು ಪರೀಕ್ಷೆಯ ಹಂತದಲ್ಲಿ ಸಿಕ್ಕಿದರೆ ಅರ್ಧ ಮನೆಗಳು ಹೊರಡುತ್ತವೆ.

ಗುಟ್ಟು ಮಾಡುವುದೂ ಒಂದು ಕಾರಣ. ಹೆಣ್ಣುಮಕ್ಕಳ ಅಪಸ್ಮಾರವನ್ನು ಮದುವೆಯ ಭಯದಿಂದ ಮುಚ್ಚಿಡುವ ಮನೆಗಳಿಗೆ ನಾನು ಹೇಳುವುದಿಷ್ಟೆ: 1955ರ ಹಿಂದೂ ವಿವಾಹ ಕಾಯ್ದೆಯ ಷರತ್ತುಗಳಲ್ಲಿದ್ದ ಅಪಸ್ಮಾರದ ಉಲ್ಲೇಖವನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ಕಾನೂನು ಬಿಟ್ಟದ್ದನ್ನು ನಾವು ಹಿಡಿದುಕೊಂಡಿದ್ದೇವೆ. ನಾವು ಮಗಳ ವಿಷಯವನ್ನು ಊರಿನಲ್ಲಿ ಮುಚ್ಚಿಡಲಿಲ್ಲ. ಹಾಗಾಗಿಯೇ ಆ ದಂಪತಿಗೆ ನನ್ನನ್ನು ಮದುವೆಯ ಮನೆಯಲ್ಲಿ ಹುಡುಕಲು ಸಾಧ್ಯವಾಯಿತು. ಈ ಪತ್ರವನ್ನು ಮಗಳು ಓದಿ, ಎರಡು ಕಡೆ ತಿದ್ದಿ, ಕಳುಹಿಸಲು ಒಪ್ಪಿದ್ದಾಳೆ. ಹೆಸರು ಹಾಕಬೇಕೋ ಬೇಡವೋ ಎಂಬುದು ಅವಳ ತೀರ್ಮಾನ, ಈ ಬಾರಿ ಬೇಡವೆಂದಿದ್ದಾಳೆ.

ಆ ಮಗುವಿಗೆ ಮುಂದಿನ ತಿಂಗಳು ವೀಡಿಯೊ ಇಇಜಿಗೆ ದಿನಾಂಕ ಸಿಕ್ಕಿದೆ. ಶಸ್ತ್ರಚಿಕಿತ್ಸೆಯ ಬಗ್ಗೆ ಅವರಿನ್ನೂ ತೀರ್ಮಾನಿಸಿಲ್ಲ, ತೀರ್ಮಾನಿಸಬೇಕಾಗಿಯೂ ಇಲ್ಲ. ಏನೇನು ಹಿಡಿದುಕೊಂಡು ಹೋಗಬೇಕೆಂದು ನಿನ್ನೆ ಆ ತಾಯಿ ಫೋನು ಮಾಡಿದ್ದರು. ತಂತಿ ಅಂಟಬೇಕಾದ್ದರಿಂದ ಎರಡು ದಿನ ಮೊದಲೇ ತಲೆಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿ ಚೆನ್ನಾಗಿ ತೊಳೆಯಿರಿ, ತಲೆಯ ಮೇಲಿಂದ ತೊಡಿಸುವ ಬನಿಯನ್ ಬೇಡ, ಮುಂದೆ ಗುಂಡಿಯಿರುವ ಅಂಗಿ ನಾಲ್ಕು ಇರಲಿ, ಹಳೆಯ ಸ್ಕ್ಯಾನಿನ ಫಿಲ್ಮ್‌ಗಳು, ಮದ್ದಿನ ಚೀಟಿಗಳು, ಮೊಬೈಲಿನ ವೀಡಿಯೊ, ಜೊತೆಗೆ ಗೋಡೆಯಿಂದ ಆ ಕ್ಯಾಲೆಂಡರನ್ನೂ ಇಳಿಸಿ ಚೀಲಕ್ಕೆ ಹಾಕಿಕೊಳ್ಳಿ ಎಂದು ಹೇಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಶಿಕ್ಷಕಿ, ಉಡುಪಿ ತಾಲ್ಲೂಕು